ಹಡಗಿನಿಂದ ಬಂದ ಎರಡೆರಡು ಪತ್ರಗಳು

ನನ್ನ ತಮ್ಮ ಹಡಗಿನಲ್ಲಿ ಇಲೆಕ್ಟ್ರಿಕಲ್ ಕೆಲಸ ಮಾಡುವವನು. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅಪ್ಪ ಕಲ್ಯಾಣದ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಹೋಟೆಲು ಬಿಟ್ಟುಕೊಟ್ಟು, ಅಮ್ಮ ಮತ್ತು ತಮ್ಮ ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇರಲು ಬಂದರು. ನಮ್ಮದು ಎಂದರೆ ನಾನು, ನನ್ನ ಗಂಡ, ಕಾಲೇಜಿಗೆ ಹೋಗುವ ಮಗಳು. ಗಂಡ ಥಾಣೆಯ ಒಂದು ಹೋಟೆಲಿನ ಮ್ಯಾನೇಜರು. ನಾನು ತುರ್ಭೆಯ ಒಂದು ಮಸಾಲೆ ಕಂಪೆನಿಯ ಲ್ಯಾಬಿನಲ್ಲಿ ಮೆಣಸು, ಅರಶಿನಗಳ ತೇವ ಪರೀಕ್ಷೆ ಮಾಡುವವಳು.

ತಮ್ಮ ಎರಡನೆಯ ಸಲ ಹಡಗಿಗೆ ಹೊರಡುವ ಹಿಂದಿನ ಭಾನುವಾರ, ಊಟವಾದ ಮೇಲೆ, ನನ್ನ ಫೋನು ಕೇಳಿ ತೆಗೆದುಕೊಂಡು ಅದರಲ್ಲಿ ಒಂದು ಕ್ರಿಪ್ಟೋ ವಾಲೆಟ್ ಹಾಕತೊಡಗಿದ. ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಮೂರನೇ ಮಾಳಿಗೆಯವರು ಇಂಥದ್ದೇ ಯಾವುದರಲ್ಲೋ ಕೈಸುಟ್ಟುಕೊಂಡಿದ್ದರು. ನನಗೆ ಗಾಬರಿಯಾಯಿತು.

"ಇದೆಲ್ಲ ನಂಗೆ ಬೇಡ ಮಾರಾಯ," ಎಂದೆ.

"ದುಡ್ಡಿನ ವಿಷಯ ಅಲ್ಲ ಅಕ್ಕ. ಇದ್ರಲ್ಲಿ ಒಂದು ಪೈಸೆ ಹಾಕ್ಲಿಕ್ಕಿಲ್ಲ. ನಂಗೆ ಇದ್ರ ಕೀ ಮಾತ್ರ ಬೇಕು."

ಅವನು ಹೇಳಿದ್ದು ಇಷ್ಟು. ಅವನ ಮೊದಲನೆಯ ಹಡಗಿನಲ್ಲಿ ನೌಕರರು ಮನೆಗೆ ಬರೆಯುವ ಇ-ಮೈಲುಗಳೆಲ್ಲ ಕ್ಯಾಪ್ಟನ್ನಿನ ಕಂಪ್ಯೂಟರಿನ ಮೂಲಕವೇ ಹೋಗಬೇಕಿತ್ತು. ಅಡುಗೆಯವನು ಒಮ್ಮೆ ಅಕ್ಕಿಯಲ್ಲಿ ಹುಳ ಇದೆ ಎಂದು ಹೆಂಡತಿಗೆ ಬರೆದ. ಕ್ಯಾಪ್ಟನ್ ಆ ಪತ್ರವನ್ನು ಊಟದ ಹೊತ್ತಿಗೆ ಎಲ್ಲರೆದುರು ಗಟ್ಟಿಯಾಗಿ ಓದಿದ. ಮುಂದಿನ ಬಂದರಿನಲ್ಲಿ ಅಡುಗೆಯವನನ್ನು ಇಳಿಸಿದರು. ಆಮೇಲೆ ಹಡಗಿಗೆ ಜನ ಸೇರಿಸುವ ಯಾವ ಏಜೆಂಟೂ ಅವನಿಗೆ ಕೆಲಸ ಕೊಡಲಿಲ್ಲ.

"ತುಳುವಲ್ಲಿ ಬರಿ. ಯಾರಿಗೆ ಗೊತ್ತಾಗ್ತದೆ?" ಎಂದೆ. ನಮ್ಮ ಮನೆಮಾತು ತುಳು. ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಅವನಿಗೆ ಕನ್ನಡ ಅಕ್ಷರ ಬಾರದು, ತುಳುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾನೆ.

"ಏಜೆಂಟು ನಮ್ಮ ಊರಿನವನೇ ಅಲ್ವಾ? ಕ್ಯಾಪ್ಟನ್ ಅವನಿಗೆ ಕಳಿಸಿದ್ರೆ ಮುಗೀತು."

ಅದು ನಿಜ. ಬೇಲಾಪುರದಲ್ಲಿ ಕಚೇರಿ ಇಟ್ಟುಕೊಂಡಿದ್ದ ಆ ಏಜೆಂಟು ಉಡುಪಿ ಕಡೆಯವನು, ನನ್ನ ಗಂಡನ ಹೋಟೆಲಿಗೆ ಬರುವ ಗಿರಾಕಿ. ತಮ್ಮನಿಗೆ ಈ ಕೆಲಸ ಸಿಕ್ಕಿದ್ದೇ ಆ ಪರಿಚಯದಿಂದ. ಹಾಗಾಗಿ ತಮ್ಮ ಅವತ್ತೇ ಹೇಳಿದ: "ಭಾವನಿಗೂ ಹೇಳ್ಬೇಡ. ಅವರ ಬಾಯಲ್ಲಿ ಮಾತು ನಿಲ್ಲೋದಿಲ್ಲ."

ವಾಲೆಟ್ ಎಂದರೆ ಮೂಲದಲ್ಲಿ ಎರಡು ಕೀಗಳ ಜೋಡಿಯಂತೆ. ಒಂದು ಪಬ್ಲಿಕ್ ಕೀ, ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು ಪ್ರೈವೇಟ್ ಕೀ, ನಮ್ಮ ಫೋನಿನಿಂದ ಹೊರಗೆ ಹೋಗಬಾರದು. ಅವನು ಸೊಸೈಟಿಯ ಮೆಟ್ಟಿಲ ಕೆಳಗಿನ ಟಪಾಲು ಡಬ್ಬಿಗಳ ಲೆಕ್ಕದಲ್ಲಿ ವಿವರಿಸಿದ. ಡಬ್ಬಿಯ ಬಾಯಿಗೆ ಕಾಗದ ಯಾರೂ ಹಾಕಬಹುದು, ಬಾಗಿಲು ತೆರೆದು ತೆಗೆಯುವುದು ಮನೆಯವರಿಂದ ಮಾತ್ರ. ಹಾಕಿದವನೇ ಆಮೇಲೆ ಮನಸ್ಸು ಬದಲಿಸಿದರೂ ಕೈಹಾಕಿ ವಾಪಸ್ ತೆಗೆಯಲಾರ. ನನ್ನ ಪಬ್ಲಿಕ್ ಕೀಯಿಂದ ಅವನು ಬರೆದದ್ದನ್ನು ಬೀಗ ಹಾಕಿದರೆ ನಾನೊಬ್ಬಳೇ ಓದಬಲ್ಲೆ. ಅವನ ಕೀಯಿಂದ ನಾನು ಬರೆದರೆ ಅವನೊಬ್ಬನೇ. ಬೀಗ ಹಾಕುವುದಕ್ಕೂ ತೆಗೆಯುವುದಕ್ಕೂ ಅವನೇ ಒಂದು ಸಣ್ಣ ಪುಟ ಬರೆದು ಎರಡೂ ಫೋನುಗಳಲ್ಲಿ ಇಟ್ಟ. ಅದಕ್ಕೆ ಇಂಟರ್ನೆಟ್ ಬೇಕಿರಲಿಲ್ಲ.

ಮರುದಿನ ತುರ್ಭೆಯಿಂದ, ಕಲಿತದ್ದನ್ನು ನೋಡೋಣವೆಂದು, ನನ್ನ ಕೀಯನ್ನು ಅವನಿಗೆ ಮೈಲು ಮಾಡಿದೆ. ಅವನ ಫೋನು ಬಂತು.

"ಅಕ್ಕ, ಇದು ವಾಲೆಟ್ಟಿನ ಅಡ್ರೆಸ್. ಕೀ ಅಲ್ಲ. ಇದ್ರಿಂದ ಬೀಗ ಹಾಕ್ಲಿಕ್ಕೆ ಆಗೋದಿಲ್ಲ."

"ಎರಡೂ ಒಂದೇ ತರ ಉಂಟಲ್ಲ?"

"ಅಡ್ರೆಸ್ ಅಂದ್ರೆ ಕೀಯನ್ನೇ ಅರೆದು ಮಾಡಿದ್ದು. ನಿನ್ನ ಲ್ಯಾಬಲ್ಲಿ ಅರಶಿನ ಪುಡಿಯಿಂದ ಅರಶಿನ ಕೊಂಬು ವಾಪಸ್ ಬರ್ತದಾ?"

ಅದು ನನಗೆ ಅರ್ಥವಾಯಿತು. ಸರಿಯಾದ ಕೀ ಕಳಿಸಿದೆ. ಸಂಜೆ ಅವನಿಂದ ಅರ್ಧ ಪುಟದಷ್ಟು ತಲೆಬುಡವಿಲ್ಲದ ಅಕ್ಷರಗಳು ಬಂದವು. ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅದನ್ನು ಪುಟದಲ್ಲಿ ಹಾಕಿ ಬೀಗ ತೆಗೆದೆ. "ಬರುವಾಗ ಎರಡು ಲೀಟರ್ ಹಾಲು ತಾ" ಎಂದಿತ್ತು.

ಹೋಗುವ ಮುನ್ನ ಅವನು ಒಂದು ಕೆಲಸ ಮಾಡಿಸಿದ. ಫೋನು ಹಾಳಾದರೆ ವಾಲೆಟ್ಟನ್ನು ಮತ್ತೆ ಎಬ್ಬಿಸಲು ಹನ್ನೆರಡು ಇಂಗ್ಲಿಷ್ ಪದಗಳಿರುತ್ತವೆ. ಅವನ್ನು ಕಾಗದದ ಮೇಲೆ ಬರೆದಿಡು ಎಂದ. ಯಾರಾದರೂ ನೋಡಿದರೆ ಎಂಬ ಹೆದರಿಕೆಗೆ ನಾನು ಅವನ್ನು ಕನ್ನಡ ಅಕ್ಷರಗಳಲ್ಲಿ ಬರೆದು, ಕಪಾಟಿನಲ್ಲಿ ಅಮ್ಮನ ಸೀರೆಗಳ ಕೆಳಗೆ ಹಾಸಿದ್ದ ಪೇಪರಿನ ಅಡಿಯಲ್ಲಿಟ್ಟೆ.

ಹಡಗಿನಿಂದ ವಾರಕ್ಕೊಂದು ಮೈಲು ಬರತೊಡಗಿತು. ಮೈಲಿನ ಜೊತೆ ಒಂದು ಫೈಲು. ತಾನು ಮುಂದಿನ ದರ್ಜೆಯ ಪರೀಕ್ಷೆಗೆ ಓದುತ್ತಿದ್ದೇನೆ, ಉತ್ತರಗಳನ್ನು ಮನೆಯಲ್ಲಿ ತಿದ್ದುತ್ತಾರೆ ಎಂದು ಅವನು ಕ್ಯಾಪ್ಟನ್ನಿಗೆ ಹೇಳಿದ್ದ. ಫೈಲಿನ ತುಂಬ ಮೋಟಾರು, ಜನರೇಟರುಗಳ ಪ್ರಶ್ನೋತ್ತರ. ಕೊನೆಯಲ್ಲಿ ಆ ಅಕ್ಷರಗಳ ಗುಂಪು. ಫೈಲು ಕೆಡದೆ ತಲುಪಿತೇ ಎಂದು ನೋಡುವ ಗುರುತು ಅದು ಎಂದು ಹೇಳಿದ್ದನಂತೆ.

ಹೀಗೆ ಪ್ರತಿ ವಾರ ನನ್ನ ಹತ್ತಿರ ಎರಡು ಪತ್ರಗಳು ಇರುತ್ತಿದ್ದವು. ತೆರೆದ ಪತ್ರವನ್ನು ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಓದುತ್ತಿದ್ದೆ. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳುತ್ತಿದ್ದರು. ಇಂಗ್ಲಿಷ್ ಅಕ್ಷರ ಅವರಿಗೆ ಬಾರದಿದ್ದುದರಿಂದ ಮಗನ ಪತ್ರಕ್ಕೆ ನಾನೇ ಬಾಯಿ. ಇನ್ನೊಂದನ್ನು ಲ್ಯಾಬಿನಲ್ಲಿ, ಎಲ್ಲರೂ ಊಟಕ್ಕೆ ಹೋದಾಗ, ತೂಕದ ಯಂತ್ರದ ಹಿಂದೆ ಕೂತು ಓದುತ್ತಿದ್ದೆ. ಮೊದಲ ಎರಡು ತಿಂಗಳು ಅದರಲ್ಲಿ ಗುಟ್ಟು ಎಂಬುದೇನೂ ಇರಲಿಲ್ಲ. ಚೀಫ್ ಇಂಜಿನಿಯರಿನ ಗೊರಕೆಯ ಬಗ್ಗೆ, ತನಗೆ ಇಷ್ಟವಾದ ಒಬ್ಬಳು ಹುಡುಗಿಯ ಬಗ್ಗೆ ಬರೆಯುತ್ತಿದ್ದ.

ಮೂರನೆಯ ತಿಂಗಳು ಅಮ್ಮನಿಗೆ ಬಂದ ಪತ್ರದಲ್ಲಿ, ಹಡಗು ಒಂದು ಬಂದರಿನ ಹೊರಗೆ ನಿಂತಿದೆ, ಸಮುದ್ರ ಶಾಂತವಾಗಿದೆ, ಕೆಲಸ ಕಡಿಮೆ, ವಿಶ್ರಾಂತಿ ಸಿಗುತ್ತಿದೆ ಎಂದಿತ್ತು. ಬೀಗ ತೆಗೆದ ಪತ್ರದಲ್ಲಿ ಹೀಗಿತ್ತು: ಹಡಗಿನ ಮಾಲೀಕ ಫೋನಿಗೆ ಸಿಗುತ್ತಿಲ್ಲ. ಬಂದರಿನವರು ಒಳಗೆ ಬಿಡುತ್ತಿಲ್ಲ. ಎಣ್ಣೆ ಮುಗಿಯುತ್ತಾ ಬಂದಿದೆ, ಜನರೇಟರು ದಿನಕ್ಕೆ ಮೂರು ತಾಸು. ಕುಡಿಯುವ ನೀರು ತಲೆಗೆ ಒಂದೂವರೆ ಬಾಟಲಿ. ಇಂಜಿನ್ ರೂಮಿನ ಒಬ್ಬ ಆಳಿಗೆ ಕಾಲಿನ ಮೇಲೆ ಬಿಸಿ ಪೈಪು ತಾಗಿ ಗಾಯ ಕೀವಾಗಿದೆ, ಔಷಧಿ ಇಲ್ಲ. ಮನೆಗೆ ಒಳ್ಳೆಯದನ್ನೇ ಬರೆಯಿರಿ ಎಂದು ಕ್ಯಾಪ್ಟನ್ ಹೇಳಿದ್ದಾನೆ. ನೀರು ತರಿಸುತ್ತೇನೆ ಅಂತ ಏಜೆಂಟು ಒಪ್ಪಿಕೊಂಡಿದ್ದಾನಂತೆ, ಬಂದಿಲ್ಲ. ಅಮ್ಮನಿಗೆ ಹೇಳಬೇಡ. ನಾನು ಹೇಳಿದೆ ಅಂತ ಯಾರಿಗೂ ಗೊತ್ತಾಗಬಾರದು. ಅಕ್ಕ, ಸುಮ್ಮನೆ ಏಜೆಂಟಿನ ಆಫೀಸಿಗೆ ಹೋಗಿ ಏನು ಹೇಳ್ತಾರೆ ಕೇಳಿ ಬಾ.

ಅವತ್ತು ಮಧ್ಯಾಹ್ನ ಒಂದೇ ಮೆಣಸಿನ ಪುಡಿಯನ್ನು ಮೂರು ಸಲ ತೂಗಿದೆ, ಮೂರು ಸಲವೂ ಬರೆದುಕೊಳ್ಳಲು ಮರೆತೆ. ಸಂಜೆ ಅಮ್ಮನಿಗೆ ಸಮುದ್ರ ಶಾಂತವಾಗಿದೆ ಎಂದು ಓದಿದೆ. "ವಿಶ್ರಾಂತಿ ಸಿಕ್ತದಲ್ಲ, ಅಷ್ಟಾದ್ರೆ ಸಾಕು," ಎಂದು ಅಮ್ಮ ಮತ್ತೊಮ್ಮೆ ಓದಿಸಿದರು. ಮಗಳು ಕಿವಿಯಿಂದ ಹೆಡ್‌ಫೋನು ತೆಗೆದು "ಮಾಮಾ ಠೀಕ್ ಹೈ ನಾ?" ಎಂದು ಕೇಳಿದಳು. ಹೂಂ ಎಂದೆ.

ಮರುದಿನ ತುರ್ಭೆಯಲ್ಲಿ ಇಳಿಯದೆ ಅದೇ ರೈಲಿನಲ್ಲಿ ಬೇಲಾಪುರಕ್ಕೆ ಹೋದೆ. ಏನು ಕೇಳಬೇಕು, ಏನು ಕೇಳಬಾರದು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ತಮ್ಮ ಮನೆಗೆ ಬರುವ ತಾರೀಕು ಯಾವಾಗ, ಅಷ್ಟೇ ಕೇಳಬೇಕು.

ಏಜೆಂಟು ನಗುಮುಖದವನು. ಗಂಡನ ಪರಿಚಯ ಹೇಳಿದ್ದೇ ಎದ್ದು ನಿಂತ.

"ಓ, ಥಾಣೆ ಹೋಟೆಲಿನವ್ರ ಮನೆಯವ್ರಾ? ಕೂತ್ಕೊಳ್ಳಿ ಅಕ್ಕ. ಅವ್ರ ಕೈಯಲ್ಲಿ ಎಷ್ಟು ಸಲ ಉಂಡಿದ್ದೇನೆ ನಾನು."

ಚಹಾ ಬಂತು. ಹಡಗು ಸರಿಯಾಗಿದೆ, ಬಂದರಿನಲ್ಲಿ ಜಾಗವಿಲ್ಲದೆ ಹೊರಗೆ ಕಾಯುತ್ತಿದೆ, ಇನ್ನೊಂದು ತಿಂಗಳಲ್ಲಿ ಬರುತ್ತಾನೆ ಎಂದ. ಆಮೇಲೆ ನನಗೆ ಸಮಾಧಾನವಾಗಲೆಂದೋ ಏನೋ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ.

"ನೋಡಿ, ಅವ್ನೇ ಬರ್ದದ್ದು. ಸಮುದ್ರ ಶಾಂತ ಉಂಟು, ರೆಸ್ಟ್ ಸಿಕ್ತಾ ಉಂಟು."

ಅದು ಅಮ್ಮನ ಪತ್ರ. ಹಿಂದಿನ ಸಂಜೆ ನಮ್ಮ ಅಡುಗೆಮನೆಯಲ್ಲಿ ನಾನು ಓದಿದ ಪತ್ರ, ಅದೇ ಸಾಲುಗಳು, ಅದೇ ತಪ್ಪು ಸ್ಪೆಲ್ಲಿಂಗುಗಳು, ಇವನ ಮೇಜಿನ ಮೇಲಿತ್ತು. ಪರದೆಯನ್ನು ನೋಡುತ್ತಾ ನೋಡುತ್ತಾ, ಬಾಯಿಪಾಠ ಮಾಡಿದ್ದೆಲ್ಲ ಮರೆತು ಕೇಳಿಬಿಟ್ಟೆ:

"ಹಾಗಾದ್ರೆ ನೀರು ಬಂತಾ?"

ಅವನು ಚಹಾದ ಲೋಟ ಕೆಳಗಿಟ್ಟ.

"ಯಾವ ನೀರು?"

"ಅಮ್ಮನಿಗೆ ಅದೇ ಚಿಂತೆ. ಹಡಗಿನ ನೀರು ಅವನಿಗೆ ಆಗೋದಿಲ್ಲ. ಹೋದ ಸಲ ಹೊಟ್ಟೆ ಕೆಟ್ಟಿತ್ತು."

"ಬಂತಾ ಅಂತ ಕೇಳಿದ್ರಿ."

"ನಾನು ಇಲ್ಲೇ ಹುಟ್ಟಿದವಳು. ನನ್ನ ಕನ್ನಡ ಹಾಗೇ."

ಅವನು ನಕ್ಕ. ನಗುತ್ತಲೇ ಇನ್ನೊಂದು ಕೇಳಿದ: "ಪರೀಕ್ಷೆದು ಏನೋ ಫೈಲು ಕಳಿಸ್ತಾನಲ್ಲ. ಅದನ್ನು ತಿದ್ದೋದು ಯಾರು? ನೀವು ಇಲೆಕ್ಟ್ರಿಕಲ್ ಕಲಿತಿದ್ದೀರಾ?"

"ಮಗಳು ನೋಡ್ತಾಳೆ. ಅವಳದು ಸೈನ್ಸ್."

"ಒಳ್ಳೇದು." ಬಾಗಿಲವರೆಗೂ ಬಂದು ಬೀಳ್ಕೊಟ್ಟ. "ಹಡಗಿನ ಮಾತು ಹೊರಗೆ ಆಡ್ಬಾರ್ದು ಅಕ್ಕ. ಅವ್ನ ಮುಂದಿನ ಕೆಲಸದ ಪ್ರಶ್ನೆ ಅಲ್ವಾ."

ಲಿಫ್ಟಿಗೆ ಕಾಯದೆ ಐದು ಮಾಳಿಗೆ ಮೆಟ್ಟಿಲಿಳಿದೆ. ತಮ್ಮನಿಗೆ ಕೂಡಲೇ ಬರೆದೆ. ಏಜೆಂಟು ನಿನ್ನ ಪತ್ರ ಓದುತ್ತಾನೆ, ಫೈಲಿನ ಬಗ್ಗೆ ಕೇಳಿದ, ಹುಷಾರು ಎಂದು. ಬಾಯಿತಪ್ಪಿ ನೀರಿನ ಮಾತು ಆಡಿದ್ದನ್ನು ಬರೆಯಲು ಧೈರ್ಯ ಬರಲಿಲ್ಲ. ಬೀಗ ಹಾಕಿ, ತಿದ್ದಿದ ಉತ್ತರಗಳ ಕೆಳಗೆ ಸೇರಿಸಿ ಕಳಿಸಿದೆ.

ಆಮೇಲೆ ಹಡಗಿನಿಂದ ಏನೂ ಬರಲಿಲ್ಲ. ಒಂದು ವಾರ ಆಯಿತು, ಎರಡು ಆಯಿತು. ಅವನನ್ನು ಕ್ಯಾಪ್ಟನ್ ಕರೆಸಿ ನಿಲ್ಲಿಸಿದ್ದಾನೆ, ಫೋನು ಕಿತ್ತುಕೊಂಡಿದ್ದಾನೆ, ನೀರು ಕೊಡುತ್ತಿಲ್ಲ ಎಂದೆಲ್ಲ ಕಣ್ಣೆದುರು ಬರುತ್ತಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ಗಂಡ ಒಮ್ಮೆ "ಏನಾಗಿದೆ ನಿಂಗೆ, ಡಾಕ್ಟರ ಹತ್ರ ಹೋಗುವಾ" ಎಂದರು. ಬಿ.ಪಿ. ಇರಬೇಕು ಎಂದೆ.

ಅಮ್ಮ ಪ್ರತಿ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು: "ಮೈಲ್ ಬಂತಾ?"

ಹದಿನಾರನೆಯ ದಿನ ನಾನು ಬಂತು ಎಂದೆ. ಕೂತು, ಫೋನನ್ನು ಮುಖದೆದುರು ಹಿಡಿದು, ಇಲ್ಲದ ಪತ್ರವನ್ನು ಓದಿದೆ. ಆರೋಗ್ಯವಾಗಿದ್ದೇನೆ, ಕೆಲಸ ಶುರುವಾಗಿದೆ, ಇವತ್ತು ಬೆಳಗ್ಗೆ ಉಪ್ಪಿಟ್ಟು ಮಾಡಿದ್ದರು. ಪರದೆಯ ಮೇಲೆ ಇದ್ದದ್ದು ಲ್ಯಾಬಿನ ಗುಂಪಿಗೆ ಯಾರೋ ಹಾಕಿದ ರಜೆಯ ಪಟ್ಟಿ.

"ಉಪ್ಪಿಟ್ಟು ಯಾರು ಮಾಡಿದ್ದು?" ಎಂದು ಅಮ್ಮ ಕೇಳಿದರು.

"ಅಡುಗೆಯವನು."

"ಈ ಸಲ ಅಡುಗೆಯವನು ಫಿಲಿಪೈನ್ಸಿನವನು ಅಂತಿದ್ದ."

"ಕಲಿತಿರಬೇಕು, ಅಮ್ಮ."

ಅಮ್ಮ ಮತ್ತೆ ಓದು ಎನ್ನಲಿಲ್ಲ. ನನಗೂ ಮತ್ತೆ ಓದಲು ಬರುತ್ತಿರಲಿಲ್ಲ.

ಅದಾದ ಎರಡು ದಿನಕ್ಕೆ, ಥಾಣೆಯಲ್ಲಿ ರೈಲು ಬದಲಿಸುವಾಗ, ಏರುವ ನೂಕಿನಲ್ಲಿ ಯಾರದೋ ಬ್ಯಾಗು ಕೈಗೆ ತಾಗಿ ನನ್ನ ಫೋನು ಕೆಳಗೆ ಬಿತ್ತು. ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವಿನ ಸಂದಿಯೊಳಗೆ ಹೋಯಿತು. ನಾನು ಹತ್ತದೆ ನಿಂತೆ. ರೈಲು ಹೊರಟ ಮೇಲೆ ಸ್ಟೇಷನ್ನಿನ ಒಬ್ಬ ಕೆಲಸಗಾರ ಇಳಿದು ಎತ್ತಿಕೊಟ್ಟ. ಅದು ನಡುವೆ ಬಾಗಿ ಎರಡಾಗಿತ್ತು. ಪ್ರೈವೇಟ್ ಕೀ ಇದ್ದದ್ದು ಅದರಲ್ಲಿ. ಹಡಗಿನಿಂದ ಹೇಗೂ ಏನೂ ಬರುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಲ್ಯಾಬಿಗೆ ಹೋಗಿ ಕಂಪ್ಯೂಟರಿನಲ್ಲಿ ಮೈಲು ತೆರೆದರೆ, ಅವನದು ಬಂದಿತ್ತು. ತೆರೆದ ಪತ್ರದಲ್ಲಿ ಒಂದೇ ಸಾಲು: ಚೆನ್ನಾಗಿದ್ದೇನೆ, ಉತ್ತರ ತಿದ್ದಿ ಕಳಿಸು. ಫೈಲಿನಲ್ಲಿ ಈ ಸಲ ಪ್ರಶ್ನೋತ್ತರ ಎರಡೇ ಇದ್ದವು. ಕೆಳಗಿನ ಅಕ್ಷರಗಳ ಗುಂಪು ಮಾತ್ರ ಮೂರು ಪುಟ.

ಆ ಮೂರು ಪುಟಗಳನ್ನು ಮೇಲಿನಿಂದ ಕೆಳಗೆ ನೋಡಿದೆ. ಅವನು ಅಷ್ಟುದ್ದ ಯಾವತ್ತೂ ಬರೆದವನಲ್ಲ. ಅಲ್ಲೇ ಕಣ್ಣೆದುರಿಗೆ, ಒಂದಕ್ಷರ ಬಿಡದೆ, ಅವನು ಹೇಳಬೇಕಾದದ್ದೆಲ್ಲ ಇತ್ತು, ನನಗೆ ಒಂದು ಪದವೂ ಸಿಗುತ್ತಿರಲಿಲ್ಲ. ಕ್ಯಾಪ್ಟನ್ ನೋಡಿದ್ದೂ ಇಷ್ಟೇ, ಏಜೆಂಟು ನೋಡಿದ್ದೂ ಇಷ್ಟೇ. ಅವರ ಸಾಲಿನಲ್ಲೇ ನಾನೂ ನಿಂತಿದ್ದೆ.

ತಲೆನೋವೆಂದು ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಅಮ್ಮ ಮಲಗಿದ್ದರು. ಗಂಡನ ಹಳೆಯ ಫೋನನ್ನು ಡ್ರಾಯರಿನಿಂದ ತೆಗೆದು ಚಾರ್ಜಿಗೆ ಹಾಕಿ, ಸೀರೆಗಳ ಕೆಳಗಿನ ಕಾಗದ ಹೊರಗೆಳೆದೆ. ವಾಲೆಟ್ ಹಾಕಿ ಹನ್ನೆರಡು ಪದಗಳನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೊಡೆದೆ. ಪದಗಳು ಸರಿಯಿಲ್ಲ ಎಂದಿತು. ಮತ್ತೆ ಹೊಡೆದೆ. ಸರಿಯಿಲ್ಲ. ಐದು ಸಲ, ಆರು ಸಲ. ಕಾಗದ ನನ್ನ ಅಕ್ಷರದಲ್ಲೇ ಇತ್ತು, ಪದ ಒಂದೂ ಅಳಿಸಿರಲಿಲ್ಲ. ಬೆವರಿನಿಂದ ಬೆರಳು ಜಾರುತ್ತಿತ್ತು. ಅಮ್ಮ ಮಗ್ಗುಲು ಬದಲಿಸಿದ ಸದ್ದಿಗೆಲ್ಲ ಕಾಗದವನ್ನು ಮಡಿಲಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ಒಂಬತ್ತನೆಯ ಪದವನ್ನು ನಾನು "ಪೇರ್" ಎಂದು ಬರೆದಿಟ್ಟಿದ್ದೆ. ಜೋಡಿ ಎಂಬ ಅರ್ಥದ ಪದವೆಂದು ಪ್ರತಿ ಸಲವೂ ಹೊಡೆಯುತ್ತಿದ್ದೆ. ಏಳನೆಯ ಸಲವೋ ಎಂಟನೆಯ ಸಲವೋ ಕೈತಪ್ಪಿ ಎರಡನೆಯ ಅಕ್ಷರ ಬೇರೆ ಬಿತ್ತು, ಕೆಳಗೆ ವಾಲೆಟ್ ತಾನಾಗಿ ತೋರಿಸುವ ಪದಗಳ ಸಾಲಿನಲ್ಲಿ ಹಣ್ಣಿನ ಹೆಸರಿನ ಪೇರ್ ಕಂಡಿತು. ಕನ್ನಡದಲ್ಲಿ ಎರಡೂ ಒಂದೇ ತರ. ಗುಟ್ಟು ಮಾಡುವ ಜಾಣತನದಲ್ಲಿ ನಾನು ನನಗೇ ಗುಟ್ಟು ಮಾಡಿಕೊಂಡಿದ್ದೆ. ಹಣ್ಣನ್ನು ಒತ್ತಿದೆ. ವಾಲೆಟ್ ತೆರೆಯಿತು. ಬೀಗ ತೆಗೆಯುವ ಅವನ ಪುಟದ ಪ್ರತಿ ನನ್ನ ಮೈಲಿನಲ್ಲಿ ಉಳಿದಿತ್ತು, ಅದನ್ನು ಇಳಿಸಿಕೊಂಡು ಮೂರು ಪುಟವನ್ನು ಅದರಲ್ಲಿ ಸುರಿದೆ.

ಅಕ್ಕ, ಇನ್ನು ಅಡಗಿಸುವುದು ಬೇಡ, ಎಂದು ಶುರುವಾಗಿತ್ತು. ಹನ್ನೊಂದು ಜನರೂ ಒಪ್ಪಿದ್ದೇವೆ, ಇದು ಎಲ್ಲರ ಪರವಾಗಿ. ಆಮೇಲೆ ಹನ್ನೊಂದು ಜನರ ಹೆಸರು, ಊರು. ಹಡಗು ನಿಂತ ಜಾಗ, ಯಾವ ದಿನದಿಂದ. ಎಷ್ಟು ನೀರು, ಎಷ್ಟು ಅಕ್ಕಿ. ಕಾಲಿನ ಗಾಯದವನಿಗೆ ಜ್ವರ ಬಿಡುತ್ತಿಲ್ಲ, ಬೆರಳುಗಳು ಕಪ್ಪಾಗಿವೆ. ಬೇಲಾಪುರದಲ್ಲಿ ಹಡಗು ನೌಕರರ ಸಂಘದ ಕಚೇರಿ ಇದೆ, ಅಲ್ಲಿ ತೋರಿಸು. ಏಜೆಂಟಿಗೆ ಗೊತ್ತಾಗುವ ಮೊದಲು.

ಸಂಘದ ಕಚೇರಿ ಏಜೆಂಟಿನ ಕಟ್ಟಡದಿಂದ ಎರಡೇ ಕಟ್ಟಡ ಆಚೆ. ಮರುದಿನ ಬೆಳಗ್ಗೆ ತಲೆಗೆ ದುಪಟ್ಟಾ ಸುತ್ತಿಕೊಂಡು, ರಸ್ತೆಯ ಆಚೆ ಬದಿಯಿಂದ ಹೋದೆ. ಅಲ್ಲಿದ್ದವರು ತಾವೇ ಹಡಗಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಮರಾಠಿ ಹಿರಿಯರು. ನಾನು ಎಲ್ಲವನ್ನೂ ಪ್ರಿಂಟ್ ಮಾಡಿಸಿ ತಂದಿದ್ದೆ. ಕನ್ನಡಕ ಹಾಕಿ ನಿಧಾನವಾಗಿ ಓದಿದರು. ತುಳುವಿನ ಸಾಲುಗಳನ್ನು ನಾನು ಮರಾಠಿಯಲ್ಲಿ ಹೇಳುತ್ತಾ ಹೋದೆ.

"ಇದು ನಿಮ್ಮ ತಮ್ಮನೇ ಬರೆದದ್ದು ಎಂದು ಹೇಗೆ ಗೊತ್ತು?" ಎಂದು ಕೇಳಿದರು.

"ಇದನ್ನು ನಾನೊಬ್ಬಳೇ ಓದಬಲ್ಲೆ, ನನ್ನ ಕೀ ಬೇಕು," ಎಂದೆ.

"ಓದುವುದು ನೀವೊಬ್ಬರೇ. ಬರೆಯುವುದು?"

ಡಬ್ಬಿಯ ಬಾಯಿಗೆ ಯಾರು ಬೇಕಾದರೂ ಕಾಗದ ಹಾಕಬಹುದು. ನನ್ನ ಪಬ್ಲಿಕ್ ಕೀ ಸಿಕ್ಕಿದವರು ಯಾರು ಬೇಕಾದರೂ ಅವನ ಹೆಸರಿನಲ್ಲಿ ಬರೆಯಬಹುದು. ತಮ್ಮನ ಫೋನು ಕ್ಯಾಪ್ಟನ್ನಿನ ಕೈಗೆ ಸಿಕ್ಕಿದ್ದರೆ? ನನ್ನನ್ನು ಇಲ್ಲಿಗೆ ಬರಿಸಿ, ಮಾತು ಹೊರಗೆ ಹಾಕಿದವನು ತಮ್ಮನೇ ಎಂದು ಸಾಬೀತು ಮಾಡುವುದೇ ಇದರ ಉದ್ದೇಶವಾಗಿದ್ದರೆ? ಕಾಗದಗಳನ್ನು ವಾಪಸ್ ಎಳೆದುಕೊಳ್ಳಬೇಕೆನಿಸಿತು. ಕೈ ಮೇಜಿನ ಮೇಲೆ ಹಾಗೇ ನಿಂತಿತು.

ಆಮೇಲೆ ಕೊನೆಯ ಸಾಲು ತೋರಿಸಿದೆ. ಅದರಲ್ಲಿ ಅವನು ನನ್ನನ್ನು, ಮಾತು ಸರಿಯಾಗಿ ಬರುವ ಮೊದಲು ಕರೆಯುತ್ತಿದ್ದ ಒಂದು ಅರೆಬರೆ ಹೆಸರಿನಿಂದ ಕರೆದಿದ್ದ. ಅಪ್ಪ, ಅಮ್ಮ, ನಾನು ಬಿಟ್ಟರೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹಿರಿಯರು ತಲೆಯಾಡಿಸಿದರು, ಆದರೆ ಅದನ್ನೇ ನಂಬಿ ಕೂರಲಿಲ್ಲ. ಕಂಪ್ಯೂಟರಿನಲ್ಲಿ ಹಡಗುಗಳ ನಕ್ಷೆ ತೆರೆದು, ಪತ್ರದಲ್ಲಿದ್ದ ಜಾಗವನ್ನು ಹುಡುಕಿದರು. ಹಡಗು ಅಲ್ಲೇ ಇತ್ತು, ಅವನು ಹೇಳಿದ ದಿನದಿಂದಲೇ ಅಲ್ಲಾಡಿರಲಿಲ್ಲ.

"ನೀವು ಮನೆಗೆ ಹೋಗಿ, ತಾಯಿ," ಎಂದರು. "ಇನ್ನು ನಮ್ಮ ಕೆಲಸ."

ಐದನೆಯ ದಿನ ಬಂದರಿನವರು ಹಡಗು ಹತ್ತಿದರು. ನೀರಿನ ದೋಣಿ ಹೋಯಿತು, ಡಾಕ್ಟರು ಹೋದರು. ಗಾಯದವನ ಎರಡು ಬೆರಳು ತೆಗೆಯಬೇಕಾಯಿತು, ಕಾಲು ಉಳಿಯಿತು. ಉಳಿದವರನ್ನು ಊರಿಗೆ ಕಳಿಸಲು ಇನ್ನೂ ಎರಡು ತಿಂಗಳು ಹಿಡಿಯಿತು. ಏಜೆಂಟು ಥಾಣೆಯ ಹೋಟೆಲಿಗೆ ಹೋಗಿ ನನ್ನ ಗಂಡನ ಮೇಲೆ ಕೂಗಾಡಿದ. ಗಂಡ ಮನೆಗೆ ಬಂದು ಕೂಗಾಡಲಿಲ್ಲ. "ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ಮಾತ್ರ ಕೇಳಿದರು. ಎಷ್ಟೋ ದಿನ ಆ ಪ್ರಶ್ನೆ ಊಟದ ತಟ್ಟೆಗಳ ನಡುವೆ ಇತ್ತು.

ಅಮ್ಮನಿಗೆ ನಾನೇ ಹೇಳಿದೆ, ಬಂದರಿನವರು ಹಡಗು ಹತ್ತಿದ ದಿನ. ಅಮ್ಮ ಅಳಲಿಲ್ಲ.

"ಉಪ್ಪಿಟ್ಟಿನ ಪತ್ರ ಎಲ್ಲಿಂದ ಓದಿದ್ದು?"

ನಾನು ಫೋನನ್ನು ಬೋರಲಾಗಿ ಇಟ್ಟೆ.

"ಅವನು ಹೇಳ್ಬೇಡ ಅಂದ, ನೀನು ಹೇಳ್ಲಿಲ್ಲ. ಅದು ಆಯ್ತು. ಇಲ್ಲದ್ದನ್ನು ಓದ್ಲಿಕ್ಕೆ ಅವನು ಹೇಳಿದ್ನಾ?"

ಅಂದಿನಿಂದ ತಮ್ಮನ ಮೈಲು ಬಂದರೆ ಅಮ್ಮ ಮೊಮ್ಮಗಳಿಂದ ಓದಿಸುತ್ತಿದ್ದರು. ಅವಳು ತುಳುವನ್ನು ತಡವರಿಸುತ್ತಾ, ನಡುನಡುವೆ ಹಿಂದಿಯಲ್ಲಿ ಅರ್ಥ ಹೇಳುತ್ತಾ ಓದುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕೇಳುತ್ತಿದ್ದೆ.

ತಮ್ಮ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ಬಾಟಲಿಯಲ್ಲಿ ಒಂದು ಗುಟುಕು ಉಳಿಸುವ ಅಭ್ಯಾಸ ಮನೆಯಲ್ಲೂ ಬಿಡಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ, ತರಕಾರಿಗೆಂದು ಇಬ್ಬರೂ ಹೊರಟಾಗ ದಾರಿಯಲ್ಲಿ ಎಲ್ಲ ಹೇಳಿಕೊಂಡೆ. ಏಜೆಂಟಿನ ಎದುರು ನೀರಿನ ಮಾತು ಬಾಯಿತಪ್ಪಿ ಬಂದದ್ದು, ಆಮೇಲೆ ಹದಿನೆಂಟು ದಿನ ಅವನ ಸುದ್ದಿಯಿಲ್ಲದ್ದು.

"ಅದು ನನ್ನಿಂದ ಆದದ್ದಾ?"

"ಅಲ್ಲ ಅಕ್ಕ. ಸ್ಯಾಟಲೈಟಿನ ಬಿಲ್ಲು ಕಟ್ಟಿರ್ಲಿಲ್ಲ. ಇಡೀ ಹಡಗಿಗೇ ಮೈಲು ಇರ್ಲಿಲ್ಲ."

ಅವನು ಒಂದು ಕ್ಷಣವೂ ಯೋಚಿಸದೆ ಹೇಳಿದ. ನನಗೆ ಬೇಕಾದ ಉತ್ತರ ಅದೇ. ಆದರೂ ಅವನು ಯೋಚಿಸದೆ ಹೇಳಿದ್ದೇ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅವನ ಹಡಗಿನ ಬೇರೆ ಯಾರನ್ನಾದರೂ ಕೇಳಬಹುದು, ಹನ್ನೊಂದು ಹೆಸರುಗಳೂ ನನ್ನ ಹತ್ತಿರ ಇವೆ. ಇದುವರೆಗೆ ಕೇಳಿಲ್ಲ.

ಆರು ತಿಂಗಳಾದ ಮೇಲೆ ಅವನು ಬೇರೆ ಏಜೆಂಟಿನ ಮೂಲಕ ಬೇರೆ ಹಡಗಿಗೆ ಹೋದ. ಹೊರಡುವ ಹಿಂದಿನ ದಿನ ಅಮ್ಮ ತಮ್ಮದೇ ಫೋನನ್ನು ಅವನ ಮುಂದಿಟ್ಟರು.

"ನಂಗೂ ಅದನ್ನು ಹಾಕಿಕೊಡು. ನಿನ್ನ ಅಕ್ಕನ ಫೋನಲ್ಲಿ ಉಂಟಲ್ಲ, ಅದು."

"ಅಮ್ಮ, ನಿಮಗೆ ಕಷ್ಟ ಆಗ್ತದೆ," ಎಂದೆ.

ಅಮ್ಮ ನನ್ನ ಕಡೆ ನೋಡಲಿಲ್ಲ. ಅವನು ಎರಡು ತಾಸು ಕೂತು ಕಲಿಸಿದ. ಬೆರಳಿನಿಂದ ಪರದೆಯ ಮೇಲೆ ಕನ್ನಡ ಅಕ್ಷರ ಬರೆಯುವುದು, ಬೀಗ ಹಾಕುವುದು, ಕಳಿಸುವುದು. ಅವನು ಬರೆದದ್ದನ್ನು ಕನ್ನಡ ಅಕ್ಷರಕ್ಕೂ ಅಮ್ಮ ಬರೆದದ್ದನ್ನು ಇಂಗ್ಲಿಷ್ ಅಕ್ಷರಕ್ಕೂ ತಿರುಗಿಸುವ ಉಪಾಯವನ್ನು ಪುಟದಲ್ಲಿ ಸೇರಿಸಿದ. ಹನ್ನೆರಡು ಪದಗಳ ಕಾಗದವನ್ನು ಅಮ್ಮ ಎಲ್ಲಿಟ್ಟರೋ ನನಗೆ ಗೊತ್ತಿಲ್ಲ.

ಈಗ ಗುರುವಾರ ಸಂಜೆ ಅಮ್ಮ ಬಾಲ್ಕನಿಯ ಕುರ್ಚಿ ಹಿಡಿದು ಕೂರುತ್ತಾರೆ. ಕನ್ನಡಕ ಹಾಕಿ, ತುಟಿ ಅಲ್ಲಾಡಿಸುತ್ತಾ ಬೆರಳಿನಿಂದ ಬರೆಯುತ್ತಾರೆ, ಒಂದೊಂದು ಸಲ ಒಂದು ತಾಸು. ಅವನಿಂದ ಬಂದದ್ದನ್ನು ಓದಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬರುತ್ತಾರೆ.

ಹೋದ ವಾರ ಓದಿ ಮುಗಿಸಿದ ಮೇಲೆ ತುಂಬ ಹೊತ್ತು ಒಳಗೆ ಬರಲಿಲ್ಲ. ನಾನು ಬಾಗಿಲ ಹತ್ತಿರ ಹೋಗಿ ನಿಂತೆ.

"ಎಂತ ಬರ್ದಿದ್ದಾನೆ ಅಮ್ಮ?"

"ಸಮುದ್ರ ಶಾಂತ ಉಂಟಂತೆ," ಎಂದು ಎದ್ದು, ನನ್ನ ಪಕ್ಕದಿಂದ ಹಾದು ಅಡುಗೆಮನೆಗೆ ಹೋದರು.